ಶಾಲು ಹೊದ್ದು ಸುಟ್ಟುಹೋದ ರೆಸಿಸ್ಟರ್ ಮಹಾಶಯರಿಗೆ

ಮಾನ್ಯ ಕ್ಯಾಥೋಡ್ ರೆಸಿಸ್ಟರ್ ಮಹಾಶಯರ ಸನ್ನಿಧಿಗೆ, ಮಹಾರಾಷ್ಟ್ರದ ಗಡಿಯ ಉಮರಗಾ ಪೇಟೆಯ ಬಟ್ಟೆ ಅಂಗಡಿಯ ರವಿಕಾಂತನು ಮಾಡುವ ಶರಣು ಶರಣಾರ್ಥಿಗಳು. ತಾವು ಈಗ ಕರಕಲಾಗಿ ನನ್ನ ಮೇಜಿನ ಮೇಲೊಂದು ಬಟ್ಟಲಲ್ಲಿ ಮಲಗಿದ್ದರೂ, ತಮಗೆ ಸಲ್ಲಬೇಕಾದ ಮರ್ಯಾದೆಗೆ ಕುಂದು ಬರಬಾರದೆಂದು ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನಮ್ಮವರಲ್ಲಿ ಹೂಳುವ ಪದ್ಧತಿ. ತಾವು ಯಾರನ್ನೂ ಕೇಳದೆ ಸುಟ್ಟುಕೊಂಡಿರಿ. ಇದು ನನ್ನ ಮೊದಲ ದೂರು.

ಭಜನಾ ಮಂಡಳಿಗೆಂದು ನಾನು ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವಿನ ಆಂಪ್ಲಿಫೈಯರ್ ಕಟ್ಟಲು ಕೂತಾಗ ನನ್ನ ಮುಂದೆ ಎರಡು ದಾರಿಗಳಿದ್ದವು. ವಾಲ್ವಿನೊಳಗೆ ಕರೆಂಟನ್ನು ಹಿಡಿದಿಡುವ ಗ್ರಿಡ್ಡಿಗೆ ಹೊರಗಿನಿಂದ ಬೇರೆ ಋಣ ವೋಲ್ಟೇಜು ಕೊಟ್ಟು ಅದನ್ನು ಹದ್ದುಬಸ್ತಿನಲ್ಲಿಡುವುದು ಒಂದು. ಅದು ಸೊಸೆಯನ್ನು ಕಾಯಲು ಅತ್ತೆಯನ್ನು ಕೂರಿಸಿದಂತೆ, ಆಮೇಲೆ ಅತ್ತೆಯನ್ನು ಕಾಯುವ ಕೆಲಸ ನನ್ನದು. ಇನ್ನೊಂದು, ವಾಲ್ವಿನ ಇನ್ನೊಂದು ತುದಿಯಾದ ಕ್ಯಾಥೋಡಿನ ಬುಡದಲ್ಲಿ ತಮ್ಮನ್ನೇ ಕೂರಿಸುವುದು. ವಾಲ್ವ್ ಎಷ್ಟು ಕರೆಂಟು ಎಳೆದರೂ ಅದು ತಮ್ಮ ಮೂಲಕವೇ ಹಾಯಬೇಕು, ಹಾಯ್ದಷ್ಟೂ ಕ್ಯಾಥೋಡಿನ ವೋಲ್ಟೇಜು ಏರಬೇಕು, ಏರಿದಷ್ಟೂ ಗ್ರಿಡ್ಡು ಅದಕ್ಕಿಂತ ಕೆಳಗುಳಿದು ಕರೆಂಟಿಗೆ ಲಗಾಮು ಬೀಳಬೇಕು. ತಾನು ಅತಿ ಮಾಡಿದರೆ ತನಗೇ ತಡೆ. ಇಂಥ ಗುಣವನ್ನು ಉಮರಗಾ, ನಿಲಂಗಾ, ಉದಗೀರಗಳಲ್ಲಿ ಭಾಷಣ ಮಾಡುವ ಯಾವ ಗಣ್ಯರಲ್ಲೂ ಕಾಣದೆ ಸೋತಿದ್ದ ನಾನು, ಉದಗೀರದ ಹಳೆಯ ರೇಡಿಯೊ ಅಂಗಡಿಯಿಂದ ತಮ್ಮನ್ನು ಭಕ್ತಿಯಿಂದ ಬರಮಾಡಿಕೊಂಡೆ.

ತಮ್ಮಿಂದಾಗಿ ನನ್ನ ಸೋದರತ್ತೆ ರಂಭಾಬಾಯಿ ಮತ್ತೆ ಹಾಡಿದರು. ವಯಸ್ಸಿಗೆ ಅವರ ದನಿ ಸಣ್ಣದಾಗಿದೆ. ಮದುವೆ ಪೆಂಡಾಲು ಹಾಕುವ ಮಂಟಪದವರ ಬಾಡಿಗೆ ಯಂತ್ರದಲ್ಲಿ ಅದು ತಗಡು ಬಡಿದಂತೆ ಕೇಳುತ್ತದೆಂದು ಅವರು ಸೋಮವಾರದ ಭಜನೆಯನ್ನೇ ಬಿಟ್ಟಿದ್ದರು. ತಾವು ಕಾವಲಿದ್ದ ವಾಲ್ವಿನಲ್ಲಿ ಆ ದನಿಯೇ ಮೆತ್ತಗೆ ತುಂಬಿ ಬಂದದ್ದು ಕೇಳಿ ತಾಳ ಎತ್ತಿಕೊಂಡವರು, ಆಮೇಲೆ ಒಂದು ಸೋಮವಾರವೂ ಬಿಡಲಿಲ್ಲ. ನನಗೆ ಬೇಕಾದದ್ದು ಇಷ್ಟೇ.

ಆದರೆ ಮಂಡಳಿಯ ಅಧ್ಯಕ್ಷರಾದ ಕಿರಾಣಿ ವ್ಯಾಪಾರಿ ವಿಶ್ವನಾಥಪ್ಪನವರಿಗೆ ಯಾರಿಗಾದರೂ ಶಾಲು, ತೆಂಗಿನಕಾಯಿ, ತಲೆಗೆ ಫೇಟಾ ರುಮಾಲು ಕೊಟ್ಟು ಭಾಷಣ ಬಿಗಿಯದೆ ಸೋಮವಾರ ಮುಗಿಯುವುದಿಲ್ಲ. ಮೈಕಿನ ಕಂಬ ಕೊಟ್ಟವರ ಸತ್ಕಾರವಾಯಿತು, ಚಹಾ ಕಳಿಸಿದವರದಾಯಿತು, ಚಹಾ ಕಳಿಸುತ್ತೇನೆಂದು ಹೇಳಿ ಮರೆತವರದೂ ಆಯಿತು. ನಾನು ಅತ್ತೆಯ ಹೆಸರು ಹೇಳಿದಾಗ, “ಆಕಿ ನಮ್ಮ ಮಂಡಳಿಯಾಕಿನೇ ಇದ್ದಾಳ, ಮನಿಯವರಿಗಿ ಎಂಥಾ ಸತ್ಕಾರ್ರೀ” ಎಂದುಬಿಟ್ಟರು. ಹಾಗಾಗಿ ಉಳಿದದ್ದು ಆಂಪ್ಲಿಫೈಯರ್. ಅದಕ್ಕೆ ಗಾಳಿಯಾಡಲೆಂದು ನಾನು ಕೂರಿಸಿದ್ದ ಜಾಲರಿಯ ಮೇಲೆ ದಪ್ಪ ಶಾಲು ಹೊದಿಸಿ, ಶಾಲಿನ ಮೇಲೆ ಫೇಟಾ ಇಟ್ಟು, ಚಪ್ಪಾಳೆ ತಟ್ಟಿದರು. ತೆಗೆಯಲು ಹೋದ ನನ್ನ ಕೈಯನ್ನು ಎಲ್ಲರೂ ಹಿಡಿದರು. ಕಾರ್ಯಕ್ರಮ ಮುಗಿಯುವ ಮುಂಚೆ ಶಾಲು ಇಳಿಸಿದರೆ ಸತ್ಕಾರಕ್ಕೆ ಅವಮಾನವಂತೆ.

ಒಳಗೆ ಕಾವು ಏರಿತು, ಗ್ರಿಡ್ಡಿಗೆ ಬೇಡದ ವೋಲ್ಟೇಜು ನುಗ್ಗದಂತೆ ತಡೆಯುತ್ತಿದ್ದ ಹಳೆಯ ಕೆಪಾಸಿಟರು ಆ ಕಾವಿಗೆ ಸೋರಿತು, ಗ್ರಿಡ್ಡಿನ ಹಿಡಿತ ತಪ್ಪಿ ವಾಲ್ವ್ ಹುಚ್ಚೆದ್ದಿತು. ತಾವೊಬ್ಬರೇ ಮೈ ಸುಟ್ಟುಕೊಂಡು ತಡೆದಿರಿ. ಇದೇ ನನ್ನ ಎರಡನೆಯ ಮತ್ತು ದೊಡ್ಡ ದೂರು: ಇಷ್ಟು ಸಹನೆ ತಮಗೆ ಯಾರು ಕಲಿಸಿದರು? ಶಾಲು ಬಿದ್ದ ಕ್ಷಣವೇ ಕಿರುಚಬಾರದಿತ್ತೆ? ಅತ್ತೆ ಎರಡನೆಯ ಭಜನಾ ಪದ ಎತ್ತಿಕೊಂಡ ಮೇಲೆ ದನಿ ಒಡೆಯಿತು, ಸುಟ್ಟ ವಾಸನೆ ಬಂತು, ಸದ್ದು ನಿಂತಿತು. ತಮ್ಮ ಪ್ರಾಣ ಹೋದದ್ದನ್ನು ಅತ್ತೆ ತನ್ನ ಗಂಟಲೇ ಹೋಯಿತೆಂದು ತಿಳಿದು, ಇನ್ನು ಹಾಡುವುದಿಲ್ಲವೆಂದು ತಾಳ ಕೆಳಗಿಟ್ಟು ಮನೆಗೆ ನಡೆದರು. ನಾನು ಹಿಂದೆಯೇ ಓಡಿದೆ.

ಯಂತ್ರದ ದೋಷವೆಂದರೆ, ಸಮಾಧಾನಕ್ಕೆ ಹೇಳುತ್ತಿದ್ದೀಯೆಂದು ನಂಬಲೊಲ್ಲರು. ಕೊನೆಗೆ ತಮ್ಮನ್ನೇ ಬಿಚ್ಚಿ ಬಟ್ಟಲಲ್ಲಿ ಒಯ್ದು ಮೂಗಿನ ಹತ್ತಿರ ಹಿಡಿದಾಗ ವಾಸನೆ ಗುರುತಿಸಿದರು. ಬರುತ್ತೇನೆ, ಆದರೆ ಸುಮ್ಮನೆ ಕೇಳಲು, ಎಂದರು.

ಮರುವಾರ ಹೊಸ ಕೆಪಾಸಿಟರಿನೊಂದಿಗೆ ತಮ್ಮ ಉತ್ತರಾಧಿಕಾರಿಯನ್ನು ಕೂರಿಸಿ ಆಂಪ್ಲಿಫೈಯರ್ ಹಚ್ಚಿದೆ. ಅದು ಮರಳಿ ಬಂದ ಸಂತೋಷಕ್ಕೆಂದು ವಿಶ್ವನಾಥಪ್ಪನವರು ಮತ್ತೊಂದು ಶಾಲು ಬಿಚ್ಚಿಕೊಂಡು ಬಂದರು. ನಾನು ಅಡ್ಡ ನಿಲ್ಲುವಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ ಕೈ ಚಾಚಿದರು.

“ಅಣ್ಣಾ, ಅದರ ಮೈ ಮೊದಲೇ ಸುಡ್ತದ. ಆ ಶಾಲ್ ಇಕಡಿ ಕೊಡ್ರಿ, ನನಗ ಥಂಡಿ ಹತ್ಯಾದ.”

ವಿಶ್ವನಾಥಪ್ಪನವರು ಕೊಟ್ಟರು. ಅತ್ತೆ ತಾವೇ ಹೊದ್ದುಕೊಂಡು ಮೈಕನ್ನು ಹತ್ತಿರ ಎಳೆದರು, ನಿಂತುಹೋಗಿದ್ದ ಎರಡನೆಯ ಪದದಿಂದಲೇ ಹಾಡಿದರು.

ಆದಕಾರಣ ತಮ್ಮಲ್ಲಿ ನನ್ನ ನಮ್ರ ಬೇಡಿಕೆ: ತಮಗೆ ಇನ್ನೊಂದು ಜನ್ಮವಿದ್ದರೆ, ದಯಮಾಡಿ ನಮ್ಮ ಅಧ್ಯಕ್ಷರ ಗಂಟಲ ಬುಡದಲ್ಲಿ ಹುಟ್ಟಿ ಬರಬೇಕು.

ಬಟ್ಟಲನ್ನು ಎತ್ತಿಡಲು ಮನಸ್ಸಾಗದ,
ತಮ್ಮ ವಿಶ್ವಾಸಿ
ರವಿಕಾಂತ

ತಾ.ಕ.: ಶಾಲು ಮಂಡಳಿಯ ಆಸ್ತಿ, ಮುಂದಿನ ಸತ್ಕಾರಕ್ಕೂ ಅದೇ ಆಗಬೇಕು, ಕೇಳಿ ತಾ ಎಂದು ವಿಶ್ವನಾಥಪ್ಪನವರು ನನಗೆ ಹೇಳಿ ಕಳಿಸಿದ್ದಾರೆ. ಅತ್ತೆ ಕೊಟ್ಟಿಲ್ಲ. ನಾನು ಕೇಳಿಯೂ ಇಲ್ಲ.