ಕೆರೆಯ ಕೆಸರು, ನನ್ನ ಡಾಕ್ಟರೇಟು

ನಗು ಬರುವಂಥ ಸಂಗತಿಗಳು ನನ್ನ ಕೆಲಸದಲ್ಲಿ ನಡೆಯುತ್ತಲೇ ಇದ್ದವು. ನಗುವವರು ಮಾತ್ರ ಯಾವಾಗಲೂ ಬೇರೆಯವರು. ಅರವತ್ತರ ದಶಕದ ಕೊನೆಯಲ್ಲಿ, ಉಪ್ಪಿನಲ್ಲೇ ಬದುಕುವ ಬ್ಯಾಕ್ಟೀರಿಯಾಗಳನ್ನು ಕೆರೆಗಳಲ್ಲಿ ಹುಡುಕುತ್ತಿದ್ದೆ. ಹೊಸ ಜಾತಿ ಸಿಕ್ಕರೆ ಡಾಕ್ಟರೇಟು. ಸಿಗದಿದ್ದರೆ ಏನು ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

೧

ಸಾಸಲು ಕಡೆಯ ಒಂದು ಕೆರೆಯ ಅಂಚಿನಲ್ಲಿ ಬೇಸಿಗೆಗೆ ಬಿಳಿ ಚೌಳು ಏಳುತ್ತಿತ್ತು. ಅಗಸರು ಅದನ್ನು ಬಟ್ಟೆ ಒಗೆಯಲು ಒಯ್ಯುತ್ತಿದ್ದರು, ನಾನು ಅದರಡಿಯ ಕೆಸರನ್ನು. ಪಂಚಾಯ್ತಿ ಚೇರ್ಮನ್ನರು ಬಂದು ಏನು ಹುಡುಕುತ್ತಿದ್ದೀರಿ ಎಂದರು. ಕಣ್ಣಿಗೆ ಕಾಣದ ಜೀವಿ ಎಂದೆ. ಸಿಕ್ಕಿತೇ ಎಂದರು. ಮೂರು ತಿಂಗಳಾದ ಮೇಲೆ ತಿಳಿಯುತ್ತದೆ ಎಂದೆ. ಅವರು ಜೊತೆಯವರ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು:

“ಬಿಡ್ರಪ್ಪಾ, ಪಾಪ. ಮನೇಲಿ ಏನೋ ತೊಂದ್ರೆ ಇರ್ಬೇಕು.”

೨

ಕೆಸರಿನ ಜಾಡಿಗಳು ನಾರುತ್ತಿದ್ದವು. ನಿಮಗೆ ಜಾಗ ಇದೆ, ಇವಕ್ಕಿಲ್ಲ ಎಂದ ಬಸ್ಸಿನ ಕಂಡಕ್ಟರು. ಮುಂದಿನ ವಾರ ಜೀಪು ತರುವವರೆಗೆ ಇರಲೆಂದು, ಕೆರೆ ಏರಿಯ ಪಕ್ಕದ ಮನೆಯ ಅಜ್ಜಿಗೆ ಜಾಡಿಗಳನ್ನು ಒಪ್ಪಿಸಿ ಬಂದೆ. ನೋಡಿಕೊಳ್ಳುತ್ತೇನೆ, ಯೋಚನೆ ಮಾಡಬೇಡ ಎಂದರು ಅಜ್ಜಿ. ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಒಂದು ಮೇಕೆಗೆ ಸಿಕ್ಕಿತು.

೩

ಆ ಜಾಡಿಗಳ ಕೆಸರಿನಿಂದ ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿ ಕುಂಕುಮದಂಥ ಚುಕ್ಕೆಗಳು ಬೆಳೆದವು. ಯಾವ ಪುಸ್ತಕದಲ್ಲೂ ಅಂಥದ್ದಿರಲಿಲ್ಲ. ಹೊಗಳಿ ಗೊತ್ತಿಲ್ಲದ ನಮ್ಮ ಪ್ರೊಫೆಸರು ಮೊದಲ ಸಲ ನನಗೆ ಕುರ್ಚಿ ತೋರಿಸಿದರು. ಅದೇ ಕೆರೆಯಿಂದ ಇನ್ನೊಮ್ಮೆ ಬೆಳೆಸಿ ತೋರಿಸಿದರೆ ಹೊಸ ಜಾತಿ ಎಂದು ಒಪ್ಪುತ್ತೇನೆ ಎಂದರು. ಜೀಪಿನಲ್ಲೇ ಹೋಗಿ ಕೆಸರು ತಂದೆ. ಏನೂ ಬೆಳೆಯಲಿಲ್ಲ. ಮತ್ತೆ ತಂದೆ. ಇಲ್ಲ. ಹೀಗೆ ಎರಡು ವರ್ಷ. ಒಂದು ದಿನ ಪ್ರೊಫೆಸರ ಕೋಣೆಗೆ ಹೋಗಿ ನೋಡಿದರೆ, ಆ ಕುರ್ಚಿಯ ಮೇಲೆ ಫೈಲುಗಳಿದ್ದವು.

೪

ಕೊನೆಯ ಸಲ ಹೋದಾಗ ಅಜ್ಜಿಯ ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತ ಎಲ್ಲ ಹೇಳಿಕೊಂಡೆ. ಮೊದಲ ಸಲದ ಕೆಸರಲ್ಲಿ ಮಾತ್ರ ಬಂತು, ಆಮೇಲೆ ಬರಲೇ ಇಲ್ಲ ಎಂದೆ. ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ.

“ಆಮೇಲೆ ನನ್ ಕೈಗೆ ಕೊಡ್ಲೇ ಇಲ್ವಲ್ಲಪ್ಪಾ.”

ನೀವೇನು ಮಾಡಿದಿರಿ ಎಂದು ಕೇಳಿದೆ.

“ನಾತ ಹೊಡೀತಿತ್ತು ಕಣಪ್ಪಾ. ಕೆಟ್ಟೋದ್ರೆ ನಿನ್ ಕೆಲಸಕ್ಕೆ ತೊಂದ್ರೆ ಆಯ್ತದೆ ಅಂತ, ಮಾವಿನ್ಕಾಯಿಗೆ ಹಾಕ್ದಂಗೆ ಜಾಡಿಗೆ ಎರಡೆರಡು ಹಿಡಿ ಕಲ್ಲುಪ್ಪು ಹಾಕಿ ಕಲಸಿಟ್ಟೆ.”

ಕಡಲ ಕಲ್ಲುಪ್ಪಿನ ಹರಳಿನೊಳಗೆ ಉಪ್ಪಿನಲ್ಲೇ ಬದುಕುವ ಜೀವಿಗಳು ಅಡಗಿರುತ್ತವೆ ಎಂದು ನಾನು ಓದಿದ್ದೆ. ಕೆಂಪು ಚುಕ್ಕೆ ಈ ಕೆರೆಯದ್ದಲ್ಲ. ಊರಿನ ಶೆಟ್ಟರ ಅಂಗಡಿಯ ಉಪ್ಪಿನ ಮೂಟೆಯಲ್ಲಿ ಬಂದದ್ದು. ಲೋಟ ಕೆಳಗಿಟ್ಟೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಹತ್ತಿರ ಸರಿದು, ತಪ್ಪಿತಸ್ಥರ ದನಿಯಲ್ಲಿ ಕೇಳಿದರು:

“ಯಾಕಪ್ಪಾ, ಉಪ್ಪು ಕಮ್ಮಿ ಆಗಿತ್ತಾ?”