ಅರ್ಧ ಚೀಲ ಜೋಳದ ತೂಕ

"ಗುಳೇದಗುಡ್ಡದ ದಾರಿ ಯಾವುದ್ರಿ?"

ತಪ್ಪು ಬಸ್ಸು ಹತ್ತಿ ಕುಳಗೇರಿ ಕ್ರಾಸಿನಲ್ಲಿ ಇಳಿದು ಚಹಾದಂಗಡಿಯವನನ್ನು ಕೇಳಿದೆ. ರಂಗೂನು, ಕೊಲಂಬೊ ಸುತ್ತಿದವಳು ನಾನು. ದಾರಿ ತಪ್ಪುವುದು ಮಾತ್ರ ಊರ ಹತ್ತಿರ ಬಂದಾಗಲೇ. ಇಂಥವು ನನಗೆ ಆಗುತ್ತಲೇ ಇರುತ್ತವೆ.

"ಮಾಸ್ತರು ಆಕಾಶಕ್ಕ ಹಾರೂದು ನೋಡಾಕೇನ್ರಿ? ಲಗೂ ಹೋಗ್ರಿ, ಅಮಾಸಿಗೆ ಹೊಂಡ್ತಾರಂತ."

ನಾನು ಹೊರಟದ್ದೂ ಅದಕ್ಕೇ. ಹಿಂದೊಮ್ಮೆ ಗುಳೇದಗುಡ್ಡದಲ್ಲಿ ಜ್ವರ ಬಂದು ಮಲಗಿದ್ದಾಗ ಆ ಮಾಸ್ತರರ ಹೆಂಡತಿ ಹದಿನೈದು ದಿನ ಗಂಜಿ ಕುಡಿಸಿ ಉಳಿಸಿದ್ದಳು. "ಈ ಋಣ ಹೆಂಗ ತೀರಸ್ಲಿ?" ಎಂದರೆ, "ಬೇಕಾದಾಗ ಕೇಳ್ತೇನಿ ಬಿಡ್ರಿ" ಎಂದಿದ್ದಳು. ಈಗ ಅವಳ ಕಾಗದ ಬಂದಿತ್ತು: "ಅಕ್ಕಾರ, ಈಗ ಕೇಳಾಕತ್ತೇನಿ. ನಮ್ಮವರನ್ನ ನೆಲದ ಮ್ಯಾಲ ಉಳಿಸ್ರಿ."

೧. ಖಣದ ಛತ್ರಿ

ರಷ್ಯಾದವರು ನಾಯಿಯನ್ನು ಆಕಾಶಕ್ಕೆ ಕಳಿಸಿದ ಸುದ್ದಿ ಓದಿ, ವಿಜ್ಞಾನದ ಮಾಸ್ತರರು ಓಣಿಯ ನೇಕಾರರನ್ನು ಕೂಡಿಸಿಕೊಂಡು ತಗಡಿನ ರಾಕೆಟ್ ಕಟ್ಟಿದ್ದರು. ಏರಲು ಕಲ್ಲು ಒಡೆಯುವ ಮದ್ದು. ಇಳಿಯಲು ಕುಬಸದ ಖಣಗಳನ್ನು ಕೂಡಿಸಿ ಹೊಲಿದ ದೊಡ್ಡ ಛತ್ರಿ. ಗುಡ್ಡದ ಮೇಲಿಂದ ಬಿಟ್ಟು ನೋಡಿದಾಗ ಅರ್ಧ ಚೀಲ ಜೋಳ ಮೆಲ್ಲಗೆ ಇಳಿದಿತ್ತು. ಅದಕ್ಕಿಂತ ಹೆಚ್ಚು ಹಾಕಿದರೆ ಹೊಲಿಗೆ ಬಿಚ್ಚುತ್ತಿತ್ತು. ಓಣಿಯ ಗಂಡಸರಲ್ಲಿ ಅರ್ಧ ಚೀಲ ತೂಗುವವರು ಮಾಸ್ತರರೊಬ್ಬರೇ.

"ಮ್ಯಾಲ ಹೋದಾಗ ಹರಿದರ?" ಎಂದು ಹಿರಿಯ ನೇಕಾರನನ್ನು ಕೇಳಿದೆ.

"ಖಣ ಏನೂ ಹಾಳಾಗೂದಿಲ್ರಿ. ಒಂದೊಂದು ಕುಬಸಕ್ಕ ಆಗೇ ಆಗತೈತಿ."

೨. ಬೀಳ್ಕೊಡುವ ಊಟ

"ತೂಕ ಏರಿದರ ಹಾರೂದು ಬಿಡ್ತಾರಂತ ತುಪ್ಪ ಸುರುವಿದೆ ಅಕ್ಕಾರ. ಒಂದ ರೊಟ್ಟಿ ತಿಂದು ಏಳ್ತಾರ," ಎಂದು ಕಣ್ಣೊರೆಸಿದಳು ಮಾಸ್ತರರ ಹೆಂಡತಿ. ತಾನು ಅದನ್ನೂ ತಿನ್ನುತ್ತಿರಲಿಲ್ಲ.

ಹೆಂಡತಿಗೆ ಒಲ್ಲೆ ಎನ್ನಬಹುದು. ಊರು ಬಿಟ್ಟು ಹೊರಟವನು ಮಂದಿಯ ಮನೆಯ ಎಲೆ ಮುಂದೆ ಒಲ್ಲೆ ಎನ್ನಲಾದೀತೆ? ನಾನು ಮನೆಮನೆಗೆ ಹೋದೆ. "ಮಾಸ್ತರು ಇಷ್ಟು ದೂರ ಹೊಂಟಾರ, ಊಟಕ್ಕ ಕರೀದ ಕಳಸ್ತೀರೇನು?"

ಎಂಟು ದಿನ ಹೋಳಿಗೆ, ಕಡುಬು, "ನನ್ನ ಆಣಿ, ಇನ್ನೊಂದು" ಎಂಬ ಒತ್ತಾಯ. ನಾಲ್ಕನೇ ದಿನ ಮಾಸ್ತರರು ತೇಗುತ್ತ ಕೇಳಿದರು: "ಆಕಾಶದಾಗ ಊಟಕ್ಕ ಕರಿಯೋರು ಯಾರೂ ಇಲ್ಲಲ್ರಿ?"

೩. ತಕ್ಕಡಿ

ಅಮಾವಾಸ್ಯೆಯ ಹಿಂದಿನ ದಿನ ನೂಲಿನ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ಒಂದು ಕಡೆ ಅರ್ಧ ಚೀಲ ಜೋಳ, ಇನ್ನೊಂದು ಕಡೆ ಮಾಸ್ತರರು. ಅವರ ಹೆಂಡತಿ ನನ್ನ ಕೈ ಹಿಂಡುತ್ತಿದ್ದಳು. ಮಾಸ್ತರರು ಧಪ್ಪನೆ ನೆಲಕ್ಕೆ ಕೂತರು, ಜೋಳ ಮೇಲೇರಿತು.

ನಾವು ಉಸಿರು ಬಿಡುವುದರೊಳಗೆ ಹಿರಿಯ ನೇಕಾರ ಅವಳನ್ನು ದಿಟ್ಟಿಸಿದ. ಚಿಂತೆಯಲ್ಲಿ ಸೊರಗಿ ಕಡ್ಡಿಯಾಗಿದ್ದಳು. "ಅರ್ಧ ಚೀಲದವರು ಇನ್ನೊಬ್ಬರು ಇಲ್ಲೇ ಅದಾರಲ್ರಿ."

ಮಾಸ್ತರರು ತಕ್ಕಡಿಯಿಂದ ಜಿಗಿದರು. "ಆಕೀನ? ಏ ಬ್ಯಾಡೋ, ಆ ಛತ್ರಿ ಏನ್ ನಂಬ್ತಿ."

ನಾನು ಅವಳನ್ನು ಮನೆಗೆ ಕರೆದೊಯ್ದು ಎಲೆ ಹಾಕಿ ಕೂರಿಸಿದೆ. ನನ್ನ ಆಣೆ ಹಾಕಿ ಐದು ಹೋಳಿಗೆ ತಿನ್ನಿಸಿದೆ. ಹದಿನೈದು ದಿನದ ಗಂಜಿಯ ಋಣ ಹಾಗೆ ತೀರಿತು.