ಕೌನ್ಸಿಲ್ಲಿಗೆ ಉಡಿ ತುಂಬಿದ ಅತ್ತೆ

ಅಮೆರಿಕದ ಒಂದು ಊರಿನ ಆಡಳಿತವನ್ನು ಒಂದೇ ಒಂದು ತೆಂಗಿನಕಾಯಿಯಿಂದ ಅಲ್ಲಾಡಿಸಬಹುದು ಅಂತ ಯಾರಾದರೂ ಹೇಳಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಈಗ ನಗುವುದಿಲ್ಲ. ನಮ್ಮ ಅತ್ತೆ ಅದನ್ನು ಮಾಡಿ ತೋರಿಸಿದ್ದಾರೆ. ಅದೂ ಲಂಚದ ಆರೋಪ ಹೊತ್ತುಕೊಂಡು, ಇಳಕಲ್ ಸೀರೆ ಉಟ್ಟುಕೊಂಡು, ಊರಿನ ವಕೀಲರ ಮುಂದೆ!

ಅತ್ತೆ ಅಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಗದಗಿನವರು. ಮಾವನ ಎಂಜಿನಿಯರ್ ಕೆಲಸದ ಹಿಂದೆ ಸಿಯಾಟಲ್ ಕಡೆಗೆ ಬಂದು, ನಾನಿರುವ ಸಮಾಮಿಶ್‌ನಿಂದ ಇನ್ನೂ ಆಚೆ, ಬೆಟ್ಟದ ಬುಡದ ಒಂದು ಪುಟ್ಟ ಊರಿನಲ್ಲಿ ಮನೆ ಮಾಡಿದರು. ಮಾವ ತೀರಿಕೊಂಡ ಮೇಲೂ ಅಲ್ಲಿಂದ ಕದಲಲಿಲ್ಲ. "ನಮ್ಮನೆಗೆ ಬಂದ್ಬಿಡಿ ಅತ್ತೆ" ಎಂದರೆ, "ನಾ ಅಲ್ಲಿಗೆ ಬಂದ್ರ ನನ್ನ ಊರು ಯಾರ ನೋಡ್ಕೋತಾರ?" ಅನ್ನುತ್ತಾರೆ. ಊರೇನು ಇವರು ಕಟ್ಟಿ ಸಾಕಿದ ಎಮ್ಮೆಯೇ?

ಅತ್ತೆಗೆ ಕಾರು ಬರುವುದಿಲ್ಲ. ಕಲಿತರು, ಚೆನ್ನಾಗಿಯೇ ಕಲಿತರು. ಪರೀಕ್ಷೆಯ ದಿನ ಮಾತ್ರ ನಾಲ್ಕು ರಸ್ತೆ ಕೂಡುವ ಕಡೆ ಎಡವಟ್ಟಾಯಿತು. ಇಲ್ಲಿ ಅಂಥ ಕಡೆ ಸಿಗ್ನಲ್ ಇಲ್ಲದಿದ್ದರೆ ಎಲ್ಲರೂ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ಅತ್ತೆ ಮೊದಲು ಬಂದರು, ನಿಂತರು, ಎದುರಿನವನಿಗೆ "ನೀವ್ ಹೋಗ್ರಿ" ಅಂತ ಕೈಮಾಡಿದರು. ಅವನು ಹೋದ. ಬಲಗಡೆಯವಳಿಗೂ ಕೈಮಾಡಿದರು, ಅವಳೂ ಹೋದಳು. ಆಮೇಲೆ ಬಂದವರಿಗೆಲ್ಲ ಅದೇ ಮರ್ಯಾದೆ! ಹಿಂದೆ ಜಾತ್ರೆಯಷ್ಟು ಕಾರು ನಿಂತವು. ಪಕ್ಕದಲ್ಲಿದ್ದ ಪರೀಕ್ಷಕ "ಮೇಡಂ, ನಿಮ್ಮ ಸರದಿ" ಎಂದು ಗೋಗರೆದನಂತೆ. ಫೇಲಾಗಿ ಬಂದವರಿಗೆ ಪಶ್ಚಾತ್ತಾಪ ಇತ್ತೇ? "ಬಂದವ್ರನ್ನ ನಿಲ್ಲಿಸಿ ನಾ ಮೊದಲ ಹೋಗಬೇಕೇನ? ನಮ್ಮ ಮನ್ಯಾಗ ಹಂಗ ಕಲಿಸಿಲ್ಲ" ಅಂದರು.

ಹಾಗಾಗಿ ಅತ್ತೆಗೆ ಕಾಲೆಂದರೆ ಊರಿನ ಬಿಳಿ ವ್ಯಾನು. ಫೋನ್ ಮಾಡಿದರೆ ಮನೆ ಬಾಗಿಲಿಗೆ ಬರುತ್ತದೆ. ವಯಸ್ಸಾದವರನ್ನು ಡಾಕ್ಟರ ಹತ್ತಿರ, ತರಕಾರಿಗೆ, ಲೈಬ್ರರಿಗೆ ಕರೆದೊಯ್ಯುತ್ತದೆ. ಅದರ ಹಣ ಬೇರೆಯೇ ಒಂದು ನಿಧಿಯಲ್ಲಿದೆ. ಆ ನಿಧಿಯನ್ನು ಇನ್ನೊಂದಕ್ಕೆ ಮುಟ್ಟುವಂತಿಲ್ಲ ಅಂತ ಊರಿನ ಚಾರ್ಟರ್‌ನಲ್ಲಿ ಬರೆದಿದೆ. ಚಾರ್ಟರ್ ಅಂದರೆ ಆ ಊರಿನ ಸಂವಿಧಾನ ಅಂದುಕೊಳ್ಳಿ.

ಹೊಸ ಮೇಯರ್ ಬಂದವರು ಈ ಚಾರ್ಟರನ್ನೇ ತಿದ್ದಬೇಕು ಎಂದರು. ಎಲ್ಲ ನಿಧಿಗಳನ್ನೂ ಒಂದೇ ಗಂಟಿಗೆ ಹಾಕಿ, ಬೇಕಾದಾಗ ಬೇಕಾದ್ದಕ್ಕೆ ಬಿಚ್ಚುವ ಅಧಿಕಾರ ಕೌನ್ಸಿಲ್ಲಿಗೆ ಇರಲಿ ಅಂತ. ಮೊದಲ ಖರ್ಚು ಏನು ಅಂತಲೂ ಗೊತ್ತಿತ್ತು: ಪೇಟೆ ಬೀದಿಗೆ ದೊಡ್ಡ ಪಾರ್ಕಿಂಗ್ ಜಾಗ. ಕಾರಿಲ್ಲದವರ ವ್ಯಾನು ನಿಲ್ಲಿಸಿ ಕಾರಿದ್ದವರಿಗೆ ಜಾಗ!

"ಮುದುಕ್ರ ಕಾಲ ಮುರದು ರೊಕ್ಕ ಉಳಸ್ತಾರಂತ!" ಅಂತ ಅತ್ತೆ ಸೆರಗು ಸಿಕ್ಕಿಸಿದರು. ಅಂದಿನಿಂದ ಚಾರ್ಟರಿನ ನಿತ್ಯ ಪಾರಾಯಣ ಶುರುವಾಯಿತು. ನಾನು ಊಟಕ್ಕೆ ಹೋದರೆ ಜೋಳದ ರೊಟ್ಟಿ ಬಡಿಯುತ್ತಲೇ ಹಣಕಾಸಿನ ಅಧ್ಯಾಯ ಹೇಳುತ್ತಿದ್ದರು. ನನಗೋ ಹೊಟ್ಟೆ ಹಸಿವು, ಅವರಿಗೆ ಪರಿಚ್ಛೇದದ ಚಿಂತೆ!

ಕೌನ್ಸಿಲ್ ಸಭೆಯಲ್ಲಿ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಅತ್ತೆ ಎದ್ದರು. ಮೇಯರ್‌ಗೆ ನಮಸ್ಕಾರ. ಐವರು ಕೌನ್ಸಿಲ್ ಸದಸ್ಯರಿಗೆ ಒಬ್ಬೊಬ್ಬರಿಗೂ ಹೆಸರು ಹಿಡಿದು, ಗುಣ ಹೊಗಳಿ, ನಮಸ್ಕಾರ. ವಕೀಲರಿಗೆ, ಗುಮಾಸ್ತೆಗೆ, ಮೈಕು ಜೋಡಿಸಿದವನಿಗೆ, ಮಳೆಯಲ್ಲೂ ಬಂದ ಸಭಿಕರಿಗೆ. ನಮ್ಮ ಕಡೆ ಸಭೆಗಳಲ್ಲಿ ವೇದಿಕೆಯ ಮೇಲಿನ ಗಣ್ಯರನ್ನು ಹೆಸರಿಸದೆ ಯಾರಾದರೂ ಬಾಯಿ ಬಿಟ್ಟಿದ್ದಾರೆಯೇ? "ಈಗ ವಿಷಯಕ್ಕೆ ಬರೋಣ" ಅನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಮೂರು ನಿಮಿಷ ಮುಗಿದಿತ್ತು.

"ಅತ್ತೆ, ವ್ಯಾನಿನ ವಿಷಯ ಹೇಳೋದ್ ಬಿಟ್ಟು ಇದೇನ್ ಮಾಡಿದ್ರಿ?" ಅಂತ ನಾನು ಕಾರಿನಲ್ಲಿ ಕೂಗಾಡಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಮಂದಿನ್ನ ಮಾತಾಡಸದ ಕೆಲಸ ಕೇಳಿದ್ರ ಕೊಡ್ತಾರೇನ?" ಅಂದರು ಅತ್ತೆ. ನೋಡಿದರೆ, ಅದು ಒಬ್ಬರಿಗೆ ತಾಗಿಯೇ ಬಿಟ್ಟಿತ್ತು. ಕೆಂಪು ಕನ್ನಡಕದ ಕೌನ್ಸಿಲ್ ಮೇಡಂ ಒಬ್ಬರು ಮರುದಿನವೇ ಫೋನ್ ಮಾಡಿ, "ನೀವು ಹೇಳದೆ ಬಿಟ್ಟ ವಿಷಯ ಕೇಳಲು ಮನೆಗೆ ಬರಲೇ?" ಅಂದರು.

ಇವರ ವೋಟೇ ಎಲ್ಲ. ಐವರಲ್ಲಿ ಇಬ್ಬರು ತಿದ್ದುಪಡಿಯ ಪರ, ಇಬ್ಬರು ವಿರುದ್ಧ, ಈ ಮೇಡಂ ಇನ್ನೂ ತೀರ್ಮಾನಿಸಿರಲಿಲ್ಲ. ಅಕಸ್ಮಾತ್ ಸಮಸಮ ಬಂದರೆ ಮೇಯರ್ ವೋಟು ಹಾಕುತ್ತಾರೆ. ಆಗ ವ್ಯಾನಿನ ಕಥೆ ಮುಗಿದಂತೆಯೇ.

ಮೇಡಂ ಬಂದರು, ಅವಲಕ್ಕಿ ತಿಂದರು, ಎಲ್ಲ ಕೇಳಿದರು. ಹೊರಡುವಾಗ ಅತ್ತೆ ನನ್ನನ್ನು ಒಳಕ್ಕೆ ಕರೆದು, "ಮುತ್ತೈದಿ ಮೊದಲ ಸಲ ಮನಿಗೆ ಬಂದಾಳ, ಬರಿಗೈಲೆ ಕಳಸಬಾರದು. ನೀ ಉಡಿ ತುಂಬು" ಅಂದರು. ತಾವು ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತರು.

ಇಲ್ಲೊಂದು ಮಾತು ಹೇಳಬೇಕು. ಮಾವ ಹೋದ ದಿನದಿಂದ ಅತ್ತೆ ಕುಂಕುಮ ಮುಟ್ಟಿಲ್ಲ, ಯಾರಿಗೂ ಉಡಿ ತುಂಬಿಲ್ಲ, ಯಾರಿಂದಲೂ ತುಂಬಿಸಿಕೊಂಡಿಲ್ಲ. "ಈ ಕಾಲದಲ್ಲೂ ಇದೇನತ್ತೆ?" ಅಂತ ನಾನು ಜಗಳವಾಡಿದ್ದೇನೆ, ಅತ್ತಿದ್ದೇನೆ. ಅವರದು ಒಂದೇ ಉತ್ತರ: "ಊರಿನ ಕಾಯ್ದೆ ಬ್ಯಾರೆ, ನಂದು ಬ್ಯಾರೆ. ನಂದು ತಿದ್ದಾಕ ಯಾರಿಗೂ ವೋಟಿಲ್ಲ."

ಸರಿ, ನಾನೇ ಮೇಡಂ ಹಣೆಗೆ ಕುಂಕುಮ ಹಚ್ಚಿದೆ. ಸೆರಗಿಲ್ಲವಲ್ಲ, ಆಕೆ ಮಳೆಕೋಟಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದರು. ಅಕ್ಕಿ, ತೆಂಗಿನಕಾಯಿ, ರವಿಕೆಗೆ ಕಣದ ಬಟ್ಟೆ, ಉತ್ತತ್ತಿ, ಜೊತೆಗೊಂದು ಕುಂಕುಮದ ಪೊಟ್ಟಣ. ಇದೇಕೆ ಅಂತ ಕೇಳಿದ್ದಕ್ಕೆ ಅತ್ತೆ ಬಾಗಿಲಿನಿಂದಲೇ, ನಮ್ಮ ಮನೆಗೆ ಬಂದ ಹೆಣ್ಣುಮಗಳು ಖಾಲಿ ಹೋಗಬಾರದು ಅಂತ ಇಂಗ್ಲಿಷಿನಲ್ಲಿ ತಿಳಿಸಿದರು. ಮೇಡಂ ಕಣ್ಣು ತುಂಬಿಕೊಂಡು, ಫೋಟೊ ತೆಗೆದು, ಊರಿನ ಆನ್‌ಲೈನ್ ಗುಂಪಿಗೆ ಹಾಕಿಯೂ ಬಿಟ್ಟರು.

ಗ್ರಹಚಾರ ಶುರುವಾಗಿದ್ದೇ ಅಲ್ಲಿ. "ಕೌನ್ಸಿಲ್ ಮುಂದೆ ಅಹವಾಲು ಇಟ್ಟವರಿಂದ ಸದಸ್ಯೆ ಉಡುಗೊರೆ ಪಡೆದಿದ್ದಾರೆ!" ಅಂತ ಯಾರೋ ದೂರು ಕೊಟ್ಟರು. ಊರಿನ ವಕೀಲರು ನಿಯಮ ಓದಿ ಹೇಳಿದರು: ವೋಟಿಗೆ ಮೊದಲು, ಎಲ್ಲರ ಎದುರಿಗೆ, ಪಡೆದದ್ದನ್ನೆಲ್ಲ ಕೊಟ್ಟವರಿಗೆ ಹಿಂತಿರುಗಿಸಬೇಕು. ಇಲ್ಲವಾದರೆ ಮೇಡಂ ವೋಟು ಹಾಕುವಂತಿಲ್ಲ. ಆಕೆ ಹೊರಗುಳಿದರೆ ಸಮಸಮ. ಆಮೇಲೆ ಮೇಯರ್.

"ವಾಪಸ್ ತಗೊಂಬಿಡಿ ಅತ್ತೆ, ಮುಗೀತು" ಎಂದೆ.

ಅತ್ತೆ ನನ್ನನ್ನು ದಿಟ್ಟಿಸಿದರು. "ತುಂಬಿದ ಉಡಿ ಹೊಳ್ಳಿ ತಗೋತಾರೇನ? ಅಕಿ ಗಂಡಗ ಮೊನ್ನೆರ ಹಾರ್ಟ್ ಆಪರೇಷನ್ ಆಗೈತಿ. ವ್ಯಾನ್ ಹೋದ್ರ ಹೋಗ್ಲಿ."

"ಆಮೇಲೆ ಹೆಂಗ್ ಓಡಾಡ್ತೀರಿ?"

"ಮನ್ಯಾಗ ಕುಂಡರ್ತೀನಿ."

ಮನೆಯಲ್ಲಿ ಕೂರುವ ಹೆಂಗಸೇ ಅದು? ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ.

ಸಭೆಯ ಸಂಜೆ ಹಾಲ್ ತುಂಬಿತ್ತು. ಊರಿನ ವಯಸ್ಸಾದವರನ್ನೆಲ್ಲ ಅದೇ ಬಿಳಿ ವ್ಯಾನು ತಂದು ಇಳಿಸಿತ್ತು. ಅತ್ತೆ ಮುಂದಿನ ಸಾಲಿನಲ್ಲಿ ತುಟಿ ಬಿಗಿದು ಕೂತಿದ್ದರು. ಮೇಡಂ ಕಾಗದದ ಚೀಲ ಹಿಡಿದು ಬಂದು, ಸಭೆಗೆ ಮೊದಲು ನನ್ನನ್ನು ಮೂಲೆಗೆ ಕರೆದರು. ಅತ್ತೆ ಯಾಕೆ ಒಪ್ಪುವುದಿಲ್ಲ ಅಂತ ಕೇಳಿದರು. ಹಿಂತಿರುಗಿಸಿದರೆ ಅಪಶಕುನ ಅಂತಷ್ಟೇ ಹೇಳಿದೆ. ಆಕೆ ಸ್ವಲ್ಪ ಯೋಚಿಸಿ, ತಲೆಯಾಡಿಸಿ ಹೋದರು.

ವಕೀಲರು ಹೆಸರು ಕರೆದರು. ಅತ್ತೆ ಎದ್ದು ಹೋಗಿ ಎದುರು ನಿಂತರು. "ನಾನು ತಗೊಳ್ಳೋದಿಲ್ಲ" ಎನ್ನಲು ಬಾಯಿ ತೆರೆದಿದ್ದರು, ಅಷ್ಟರಲ್ಲಿ ಮೇಡಂ ಮೈಕಿನಲ್ಲೇ ಹೇಳಿದರು: "ನಾನು ಹಿಂತಿರುಗಿಸುತ್ತಿಲ್ಲ. ಈ ಸಭಾಂಗಣ ನಮ್ಮೆಲ್ಲರ ಮನೆ. ಮನೆಗೆ ಬಂದ ಹೆಣ್ಣುಮಗಳು ಖಾಲಿ ಹೋಗಬಾರದು ಅಂತ ಇವರೇ ನನಗೆ ಕಲಿಸಿದ್ದು."

ಚೀಲದಿಂದ ಮೊದಲು ಹೊರಬಂದದ್ದು ಕುಂಕುಮದ ಪೊಟ್ಟಣ.

ಆಕೆಗೆ ಗೊತ್ತಿರಲಿಲ್ಲ. ಆ ಇಡೀ ಹಾಲಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ತಡೆಯಲು ಎದ್ದು ನಿಂತೆ, ಬಾಯಿ ತೆರೆದೆ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತೆ. ಅತ್ತೆಯ ಕೈ ಅರ್ಧ ಮೇಲೆ ಬಂತು. ಮೇಯರ್ ಗಡಿಯಾರ ನೋಡುತ್ತಿದ್ದರು, ಹಿಂದಿನ ಸಾಲಿನ ಮುದುಕರು ಕತ್ತು ಚಾಚಿದ್ದರು. ಆ ಕೈ ಹಾಗೆಯೇ ಕೆಳಗಿಳಿದು ಸೆರಗಿನ ತುದಿ ಹಿಡಿಯಿತು. ಅತ್ತೆ ಕಣ್ಣು ಮುಚ್ಚಿ ಸೆರಗೊಡ್ಡಿದರು. ಮೇಡಂ ನಾನು ಮಾಡಿದ್ದನ್ನು ಒಂದೂ ಮರೆಯದೆ ಮಾಡಿದರು: ಹಣೆಗೆ ಕುಂಕುಮ, ಕಾಯಿ, ಕಣ, ಉತ್ತತ್ತಿ. ಅಕ್ಕಿಯನ್ನು ಅನ್ನ ಮಾಡಿ ಉಂಡುಬಿಟ್ಟಿದ್ದರಿಂದ ಬೇರೆ ಅಕ್ಕಿ ತಂದಿದ್ದರು.

"ಬಾಸ್ಮತಿ!" ಅಂತ ಅತ್ತೆ ಪಿಸುಗುಟ್ಟಿದರು.

ಕೊಟ್ಟದ್ದೆಲ್ಲ ಕೊಟ್ಟವರ ಕೈ ಸೇರಿತು, ಹೆಸರು ಏನಾದರೂ ಇಟ್ಟುಕೊಳ್ಳಿ, ನಿಯಮಕ್ಕೆ ಅಷ್ಟೇ ಸಾಕು ಅಂದರು ವಕೀಲರು. ವೋಟಾಯಿತು. ತಿದ್ದುಪಡಿಗೆ ಎರಡು, ವಿರುದ್ಧ ಮೂರು. ಹಾಲ್ ಎದ್ದು ಕುಣಿಯಿತು. ಅತ್ತೆ ಮಾತ್ರ ಸೆರಗಿನ ಗಂಟು ಹಿಡಿದು ಕೂತಿದ್ದರು.

ಅವರನ್ನು ನನ್ನ ಕಾರಿನಲ್ಲೇ ಮನೆಗೆ ಕರೆದುಕೊಂಡು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಎದುರಿನ ಪುಟ್ಟ ಕನ್ನಡಿ ಇಳಿಸಿ ಮುಖ ನೋಡಿಕೊಂಡರು. ಕುಂಕುಮ ಒರೆಸಿಬಿಡುತ್ತಾರೇನೋ ಅಂತ ಹೆದರಿದೆ. ಒರೆಸಲಿಲ್ಲ.

"ಊರಿಂದು ತಿದ್ದಬ್ಯಾಡ್ರಿ ಅಂತ ಇಷ್ಟ ಬಡದಾಡಿದೆ," ಅಂದರು ಮೆಲ್ಲಗೆ. "ಅಕಿ ನಂದ ತಿದ್ದಿಬಿಟ್ಲಲ್ಲ ತಂಗಿ. ನಿಮ್ಮ ಮಾವ ನೋಡಿದ್ರ ನಗತಿದ್ರು."

ನನ್ನ ಕಣ್ಣು ಮಂಜಾಯಿತು. ಅವರು ಫೇಲಾಗಿದ್ದ ಅದೇ ನಾಲ್ಕು ರಸ್ತೆ ಎದುರಾಯಿತು. ನಾನು ಕಾರು ನಿಲ್ಲಿಸಿದವಳು ನಿಲ್ಲಿಸಿಯೇ ಇದ್ದೆ, ಮುಂದೆ ಹೋಗಲು ದಾರಿಯೇ ಕಾಣುತ್ತಿರಲಿಲ್ಲ. ಎದುರು ಒಂದು ಕಾರು ಬಂದು ನಿಂತಿತು, ಪಕ್ಕದಲ್ಲಿ ಇನ್ನೊಂದು. ಅತ್ತೆ ಅವರಿಗೆ ಕೈಮಾಡುತ್ತಾರೆ ಅಂದುಕೊಂಡೆ. ಅವರು ನನ್ನ ಭುಜ ಮುಟ್ಟಿದರು.

"ಹೋಗು ತಂಗಿ," ಅಂದರು, "ಈಗ ನಮ್ಮ ಪಾಳಿ."